ಫ್ಲೈ ಕಟ್ಟುವ ಬಿಗಿನರ್ ಕಿಟ್: ಉಡುಪಿಯ ಮಳೆ, ಉಪ್ಪುನೀರು ಎರಡನ್ನೂ ಕಂಡ ಮೇಲೆ

ನೇರ ವಿಷಯಕ್ಕೆ ಬರುತ್ತೇನೆ. ಫ್ಲೈ ಟೈಯಿಂಗ್ ಕಲಿಯಬೇಕು ಅಂತ ಆಸೆಯಾಗಿ, ಆನ್‌ಲೈನಿನಲ್ಲಿ ಸಿಗುವ ‘ಎಲ್ಲವೂ ಒಂದೇ ಡಬ್ಬದಲ್ಲಿ’ ಥರದ ಕಿಟ್ ನೋಡುತ್ತಾ ಕೂತಿದ್ದರೆ, ಒಂದು ಮಾತು. ಅದರೊಳಗಿನ ಸಣ್ಣಪುಟ್ಟ ಸಲಕರಣೆಗೆ ದುಡ್ಡು ಕೊಡಬಹುದು. ಗರಿ, ಕೂದಲು, ಹುಕ್‌ಗೆ ಅಂತ ಕೊಡುವ ದುಡ್ಡು ನಮ್ಮ ಕರಾವಳಿಯವರಿಗೆ ಹೆಚ್ಚುಕಡಿಮೆ ದಂಡ.

ಗೊತ್ತಿಲ್ಲದವರಿಗೆ: ಫ್ಲೈ ಅಂದರೆ ಹುಕ್‌ಗೆ ನೂಲು, ಗರಿ, ಕೂದಲು ಸುತ್ತಿ ಮಾಡುವ ನಕಲಿ ಹುಳ ಅಥವಾ ನಕಲಿ ಮೀನು. ನಮ್ಮಲ್ಲಿ ಗಾಳ ಹಾಕುವವರು ಸಿಗಡಿಯನ್ನೋ ಎರೆಹುಳವನ್ನೋ ಸಿಕ್ಕಿಸುತ್ತಾರೆ. ಫ್ಲೈ ಎಸೆಯುವವರು ಇದನ್ನು ಕಟ್ಟಿಕೊಳ್ಳುತ್ತಾರೆ. ನಾನು ಇರುವುದು ಉಡುಪಿಯಲ್ಲಿ. ಮೀನು ಹಿಡಿಯುವುದು ಉದ್ಯಾವರ ಹೊಳೆ, ಕೋಡಿಬೆಂಗ್ರೆ, ಪುರುಸೊತ್ತಾದರೆ ಮೂಲ್ಕಿ ಕಡೆಯ ಅಳಿವೆ. ಎಲ್ಲ ಉಪ್ಪುನೀರು ಸೇರುವ ಜಾಗ. ಈ ವಿಮರ್ಶೆಯನ್ನು ಆ ಲೆಕ್ಕದಲ್ಲೇ ಓದಿ.

ಕಿಟ್‌ಗೆ ಕೊಟ್ಟದ್ದು ನಾಲ್ಕು ಸಾವಿರದ ಆಸುಪಾಸು. ಒಳಗೆ ಮೇಜಿನ ಅಂಚಿಗೆ ಬಿಗಿಯುವ ವೈಸ್, ಬಾಬಿನ್, ಕತ್ತರಿ, ಹ್ಯಾಕಲ್ (ಹುಕ್ ಸುತ್ತ ಸುತ್ತುವ ಗರಿ) ಹಿಡಿಯುವ ಹ್ಯಾಕಲ್ ಪ್ಲೈಯರ್, ಕೊನೆಯ ಗಂಟು ಹಾಕುವ ವಿಪ್ ಫಿನಿಷರ್, ಸೂಜಿಯಂಥ ಬಾಡ್ಕಿನ್, ಬಣ್ಣ ಹಾಕಿದ ಗರಿಗಳ ಪೊಟ್ಟಣ, ಶೆನಿಲ್ ಅನ್ನುವ ಜುಂಗು ಜುಂಗಾದ ದಪ್ಪ ನೂಲು, ಮರಬೌ ಅನ್ನುವ ಮೆತ್ತನೆಯ ತುಪ್ಪುಳ ಗರಿ, ಸಣ್ಣ ಹುಕ್‌ಗಳು, ಜೊತೆಗೆ ಒಂದು ತೆಳು ಪುಸ್ತಿಕೆ.

ವೈಸ್‌ನಿಂದ ಶುರು ಮಾಡೋಣ, ಯಾಕಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಹುಕ್ ಅಲುಗಾಡದೆ ಹಿಡಿದುಕೊಳ್ಳುವುದೊಂದೇ ಅದರ ಕೆಲಸ. ಸಣ್ಣ ಹುಕ್‌ಗೆ ಇದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅಳಿವೆಯ ಮೀನಿಗೆ ಬೇಕಾಗುವುದು ದೊಡ್ಡ ಹುಕ್. ಹುಕ್‌ನ ನಂಬರ್ ಲೆಕ್ಕ ಸ್ವಲ್ಪ ಉಲ್ಟಾ: 8ಕ್ಕಿಂತ 2 ದೊಡ್ಡದು, 1 ಆದ ಮೇಲೆ 1/0, 2/0 ಅಂತ ಮತ್ತೆ ದೊಡ್ಡದಾಗುತ್ತಾ ಹೋಗುತ್ತದೆ. 1/0 ಹಾಕಿ ನೂಲನ್ನು ಬಿಗಿಯಾಗಿ ಎಳೆದರೆ ನನ್ನ ವೈಸ್‌ನ ದವಡೆಯಲ್ಲಿ ಹುಕ್ ಮೆಲ್ಲಗೆ ಕೆಳಗೆ ಜಾರುತ್ತದೆ. ದವಡೆಯ ಲೋಹ ಮೆತ್ತಗೆ. ಕೆಲವು ತಿಂಗಳಲ್ಲೇ ಹುಕ್ ಕೂರುವ ಜಾಗದಲ್ಲಿ ಗೆರೆ ಬಿತ್ತು, ಆಮೇಲೆ ಸಣ್ಣ ಹುಕ್ ಕೂಡ ಆ ಗೆರೆಯಲ್ಲಿ ಸಡಿಲ. ಹಾಗಾಗಿ ಕೊಳ್ಳುವಾಗ ‘ಗಟ್ಟಿ ಉಕ್ಕಿನ ದವಡೆಯಾ, 2/0 ತನಕ ಹಿಡಿಯುತ್ತದಾ’ ಅಂತ ಕೇಳಿ. ಉತ್ತರ ಕೊಡದ ಮಾರಾಟಗಾರನಿಂದ ತೆಗೆದುಕೊಳ್ಳಬೇಡಿ.

ಬಾಬಿನ್ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ನೂಲಿನ ಉಂಡೆ ಹಿಡಿದುಕೊಳ್ಳುವ ಎರಡು ತಂತಿಯ ಕಾಲು, ನೂಲು ಹೊರಬರುವ ಒಂದು ಸಣ್ಣ ಕೊಳವೆ, ಇಷ್ಟೇ. ಕಿಟ್‌ನ ಕೊಳವೆ ಬರೀ ಲೋಹದ್ದು. ಅದರ ಬಾಯಿಯ ಅಂಚು ನುಣುಪಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಉಗುರು ಆಡಿಸಿದರೆ ತಾಗುತ್ತದೆ. ಫ್ಲೈ ಮುಕ್ಕಾಲು ಆಗಿರುತ್ತದೆ, ತಲೆ ಹತ್ತಿರ ಕೊನೆಯ ಸುತ್ತು, ಟಪ್ ಅಂತ ನೂಲು ತುಂಡು. ಕಟ್ಟಿದ್ದೆಲ್ಲ ಬಿಚ್ಚಿಕೊಂಡು ಕೂತುಬಿಡುತ್ತದೆ. ಹೊಸಬರು ತಮ್ಮ ಕೈಯೇ ಸರಿ ಇಲ್ಲ ಅಂದುಕೊಂಡು ಬಿಟ್ಟುಬಿಡುವುದು ಇಲ್ಲೇ. ಕೈಯದ್ದಲ್ಲ ಮಾರಾಯ್ರೇ, ಕೊಳವೆಯದ್ದು. ಸೆರಾಮಿಕ್ ಬಾಯಿ ಇರುವ ಬಾಬಿನ್ ಒಂದನ್ನು ಬೇರೆಯಾಗಿ ತರಿಸಿದೆ, ಆ ಕಾಟ ಅಲ್ಲಿಗೇ ಮುಗಿಯಿತು. ಇಡೀ ಖರ್ಚಿನಲ್ಲಿ ನನಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ನೂಲು ಕೂಡ ಮುಖ್ಯ. ಹೊಲಿಗೆ ನೂಲು ಸಾಕಲ್ವಾ ಅಂತ ತುಂಬ ಜನ ಕೇಳುತ್ತಾರೆ. ಅದು ಹುರಿ ಹಾಕಿದ ದುಂಡು ನೂಲು, ನಾಲ್ಕು ಸುತ್ತಿಗೇ ದಪ್ಪ ಆಗಿಬಿಡುತ್ತದೆ. ಫ್ಲೈ ನೂಲು ಹುಕ್ ಮೇಲೆ ಚಪ್ಪಟೆಯಾಗಿ ಹರಡಿ ಕೂರುತ್ತದೆ. ಅದರ ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ, ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅಂತ. ಕಲಿಯಲು 140, ದೊಡ್ಡ ಹುಕ್‌ಗೆ 210 ಇದ್ದರೆ ಸಾಕು.

ಕತ್ತರಿ ಚೂಪಾಗಿದೆ, ತಕರಾರಿಲ್ಲ. ಹ್ಯಾಕಲ್ ಪ್ಲೈಯರ್ ಪರವಾಗಿಲ್ಲ. ವಿಪ್ ಫಿನಿಷರ್ ನೋಡಿದರೆ ಭಯ ಆಗುತ್ತದೆ, ಆದರೆ ಅದರ ಕೆಲಸ ಒಂದೇ: ನೂಲಿನ ತುದಿಯನ್ನು ಅದೇ ನೂಲಿನ ಸುತ್ತುಗಳ ಕೆಳಗೆ ಹೂತುಬಿಡುವುದು. ಬೆರಳಲ್ಲೂ ಮಾಡಬಹುದು.

ಈಗ ನನ್ನ ನಿಜವಾದ ಸಿಟ್ಟಿನ ವಿಷಯ, ಸಾಮಗ್ರಿ. ಈ ಕಿಟ್‌ಗಳನ್ನು ಜೋಡಿಸುವುದು ತಣ್ಣೀರಿನ ಹೊಳೆಯ ಟ್ರೌಟ್ ಮೀನನ್ನು ಮನಸ್ಸಲ್ಲಿ ಇಟ್ಟುಕೊಂಡು. ಪುಸ್ತಿಕೆಯಲ್ಲಿರುವ ಹೆಚ್ಚಿನವು ನೀರಿನ ಮೇಲೆ ತೇಲುವ ಸಣ್ಣ ನೊಣದ ನಮೂನೆಗಳು. ನಮ್ಮ ಅಳಿವೆಯ ಕೆಂಬೇರಿ, ಬರಾಮಂಡಿ, ಟ್ರೆವಲ್ಲಿಗಳು ಹುಡುಕುವುದು ಮರಿಮೀನು, ಸಿಗಡಿ. ಹುಕ್‌ಗಳು ಕಂಚು ಬಣ್ಣದವು, ಉಪ್ಪುನೀರು ಕಂಡರೆ ಎರಡು ದಿನಕ್ಕೆ ತುಕ್ಕು. ಕೆಂಪು ಗರಿಯನ್ನು ಒದ್ದೆ ಮಾಡಿದರೆ ಬಣ್ಣ ಪಕ್ಕದ ಬಿಳಿ ಕೂದಲಿಗೆಲ್ಲ ಇಳಿಯಿತು. ಇದನ್ನು ಮಾರಾಟಗಾರರಿಗೆ ಬರೆದೆ, ಉತ್ತರ ಬರಲಿಲ್ಲ. ಹುಕ್ ವಿಷಯದಲ್ಲಿ ಈಗ ಮುಸ್ಟಾಡ್ 34007 ಬಳಸುತ್ತಿದ್ದೇನೆ. ಸ್ಟೇನ್‌ಲೆಸ್ ಸ್ಟೀಲ್, ಉಪ್ಪುನೀರಿಗೆಂದೇ ಮಾಡಿದ್ದು, ಹೋಗಿ ಬಂದ ಮೇಲೆ ಸಿಹಿನೀರಲ್ಲಿ ಜಾಲಾಡಿ ಒರೆಸಿಟ್ಟರೆ ಚೆನ್ನಾಗಿ ಬಾಳುತ್ತದೆ.

ಪುಸ್ತಿಕೆಯಲ್ಲಿ ನಮಗೆ ದಕ್ಕುವುದು ಒಂದೇ, ವೂಲಿ ಬಗ್ಗರ್. ಮರಬೌ ಬಾಲ, ಶೆನಿಲ್ ಮೈ, ಮೈಮೇಲೆ ಸುತ್ತಿದ ಹ್ಯಾಕಲ್. ನೀರಲ್ಲಿ ಎಳೆದರೆ ಸಿಗಡಿಯ ಹಾಗೆ ಮಿಸುಕುತ್ತದೆ. ಮೊದಲ ಫ್ಲೈ ಇದೇ ಇರಲಿ.

ಎರಡನೆಯದು ಕ್ಲೌಸರ್ ಮಿನ್ನೋ. ಇದು ಪುಸ್ತಿಕೆಯಲ್ಲಿ ಇರಲಿಲ್ಲ, ಇರಲೇಬೇಕಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಸಸ್ಕ್ವೆಹಾನಾ ನದಿಯ ಬಾಸ್ ಮೀನಿಗೆಂದು ಮಾಡಿದ್ದು, ಈಗ ಸಮುದ್ರದಲ್ಲೂ ನಡೆಯುತ್ತದೆ. ಹುಕ್‌ನ ಕಣ್ಣಿನಿಂದ, ಅಂದರೆ ದಾರ ಕಟ್ಟುವ ತೂತಿನಿಂದ, ಮೂರನೇ ಒಂದು ಭಾಗ ಹಿಂದೆ, ಹುಕ್‌ನ ನೇರ ಕಡ್ಡಿಯ ಮೇಲ್ಬದಿಗೆ, ಡಂಬೆಲ್ ಆಕಾರದ ಭಾರದ ಕಣ್ಣುಗಳನ್ನು ಎಂಟರ ಆಕಾರದಲ್ಲಿ ನೂಲು ಸುತ್ತಿ ಕೂರಿಸುತ್ತೀರಿ. ಒಂದು ತೊಟ್ಟು ಸೂಪರ್ ಗ್ಲೂ. ಆ ಭಾರಕ್ಕೆ ಹುಕ್ ನೀರಲ್ಲಿ ತಿರುವಿಕೊಂಡು ಮೊನೆ ಮೇಲಾಗಿ ಹೋಗುತ್ತದೆ. ಕಾಂಡ್ಲಾ ಮರದ ಬೇರು, ಚಿಪ್ಪು ಅಂಟಿದ ಕಲ್ಲು ತುಂಬಿದ ನಮ್ಮ ಅಳಿವೆಯಲ್ಲಿ ಇದು ಎಷ್ಟು ದೊಡ್ಡ ಉಪಕಾರ ಅಂತ ಅಲ್ಲಿ ಹುಕ್ ಕಳೆದುಕೊಂಡವರಿಗೆ ಗೊತ್ತು. ಒಂದು ಬದಿಗೆ ಬಿಳಿ ಕೂದಲು, ಇನ್ನೊಂದು ಬದಿಗೆ ಗಿಳಿಹಸಿರು, ನಡುವೆ ಮಿಂಚುವ ನಾಲ್ಕೈದು ಎಳೆ. ಮುಗಿಯಿತು. ಕೂದಲು ಕಮ್ಮಿ ಇದ್ದಷ್ಟೂ ಚೆನ್ನ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕ್ಲೌಸರ್‌ಗಳಲ್ಲಿ ಕೂದಲು ವಿಪರೀತ ಜಾಸ್ತಿ, ನೀರಲ್ಲಿ ಪೊರಕೆ ಎಳೆದ ಹಾಗೆ ಬರುತ್ತದೆ.

ಕೂದಲು ಕಟ್ಟುವಾಗ ಒಂದು ತೊಂದರೆ ಎಲ್ಲರಿಗೂ ಬರುತ್ತದೆ. ನೂಲು ಬಿಗಿಯುವ ಹೊತ್ತಿಗೆ ಕೂದಲಿನ ಕಟ್ಟು ನೂಲಿನ ಜೊತೆ ಉರುಳಿ ಹುಕ್‌ನ ಆಚೆ ಬದಿಗೆ ಹೋಗಿಬಿಡುತ್ತದೆ. ವಿಡಿಯೊಗಳಲ್ಲಿ ಬೆರಳುಗಳೇ ಅಡ್ಡ ಬಂದು ಇದು ಕಾಣುವುದಿಲ್ಲ. ನನಗೆ ಇದನ್ನು ಬಿಡಿಸಿ ತೋರಿಸಿದ್ದು ಶಂಕರಪುರದ ದೊಡ್ಡಮ್ಮ. ಅವರಿಗೆ ಫ್ಲೈ ಏನೆಂದೇ ಗೊತ್ತಿಲ್ಲ, ಆದರೆ ದಿನಾ ಮುಂಜಾನೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಕೈ. ಸ್ವಲ್ಪ ಹೊತ್ತು ನೋಡಿ, “ನೂಲು ಎಳೆಯುವ ಮೊದಲು ಬೆರಳಲ್ಲಿ ಹಿಡಿಯಬೇಕು ಮಗಾ, ಎಳೆದ ಮೇಲೆ ಹಿಡಿದು ಏನು ಪ್ರಯೋಜನ” ಅಂದರು. ಅಷ್ಟೇ. ಹೆಬ್ಬೆರಳು ತೋರುಬೆರಳ ನಡುವೆ ಕೂದಲು, ಆ ಬೆರಳುಗಳ ಸಂದಿಯಲ್ಲೇ ನೂಲಿನ ಸಡಿಲ ಸುತ್ತು, ಆಮೇಲೆ ನೇರ ಎಳೆತ, ಎಳೆದು ಮುಗಿಯುವ ತನಕ ಬೆರಳು ಬಿಡುವ ಹಾಗಿಲ್ಲ. ಇಂಗ್ಲಿಷ್ ವಿಡಿಯೊಗಳಲ್ಲಿ ಪಿಂಚ್ ರ‍್ಯಾಪ್ ಅನ್ನುವುದು ಇದಕ್ಕೇ.

ಸಾಮಗ್ರಿ ಇಲ್ಲೇ ಸಿಗುತ್ತದಾ? ತುಂಬ ಸಿಗುತ್ತದೆ. ಕೋಳಿ ಅಂಗಡಿಯಲ್ಲಿ ಊರಕೋಳಿಯ ಹುಂಜ ಕಡಿದಾಗ ಕತ್ತಿನ ಗರಿ, ಬೆನ್ನಿನ ಗರಿ ಕೇಳಿ, ಸುಮ್ನೆ ಕೊಡುತ್ತಾರೆ. ಬ್ರಾಯ್ಲರ್ ಗರಿ ಬೇಡ, ಅದು ಬೆಳೆಯುವ ಮೊದಲೇ ಕಡಿಯುವ ಹಕ್ಕಿ. ತಂದ ಗರಿಯನ್ನು ಶಾಂಪೂ ಹಾಕಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಕೆಲವು ದಿನ ಫ್ರೀಜರಿನಲ್ಲಿಟ್ಟರೆ ಹುಳದ ಕಾಟ ಇಲ್ಲ. ಮಿಂಚುವ ಎಳೆಗೆ ರಥಬೀದಿಯ ಅಲಂಕಾರ ಸಾಮಾನಿನ ಅಂಗಡಿಯ ಜರಿ ಸಾಕು. ಬಿಳಿ ಕೂದಲಿಗೆ ಆಡಿನ ಉದ್ದ ಕೂದಲು ಒಳ್ಳೆಯದು. ಅಮೆರಿಕದ ಜಿಂಕೆಯ ಬಾಲವನ್ನೇ ಬಕ್‌ಟೇಲ್ ಅಂತ ಮಾರುವುದು, ನಮ್ಮ ಜಿಂಕೆಯದ್ದು ಮುಟ್ಟುವ ಹಾಗಿಲ್ಲ.

ಹಾಗೆಯೇ ಕಾಡುಕೋಳಿ. ಪಶ್ಚಿಮ ಘಟ್ಟದ ನಮ್ಮ ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿಯ ತುದಿಯಲ್ಲಿ ಮೇಣ ಇಟ್ಟಂಥ ಹೊಳೆಯುವ ಚುಕ್ಕಿ ಇರುತ್ತದೆ. ಇಂಗ್ಲೆಂಡಿನ ಹಳೆಯ ಸಾಲ್ಮನ್ ಫ್ಲೈಗಳಿಗೆ ಅದೇ ಶೃಂಗಾರ, ಅದಕ್ಕಾಗಿ ಈ ಹಕ್ಕಿಯನ್ನು ಒಂದು ಕಾಲಕ್ಕೆ ಮನಸೋಇಚ್ಛೆ ಕೊಂದರು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಆಗುಂಬೆ ಕಡೆ ಮುಂಜಾನೆ ಅದರ ಕೂಗು ಕೇಳಿದವರು ಯಾರೂ ಒಂದು ಫ್ಲೈಗೋಸ್ಕರ ಅದರ ಗರಿ ಹುಡುಕಲಾರರು ಅಂತ ನನ್ನ ನಂಬಿಕೆ. ಯಾರಾದರೂ ಮಾರಲು ಬಂದರೆ ಬೇಡ ಅನ್ನಿ.

ಮಳೆಗಾಲದ ಮಾತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೆ ರಜೆ, ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ, ಫ್ಲೈ ಎಸೆಯುವ ಪ್ರಶ್ನೆಯೇ ಇಲ್ಲ. ಆಟಿ ತಿಂಗಳು ಕೂತು ಕಟ್ಟಲು ಹೇಳಿ ಮಾಡಿಸಿದ ಕಾಲ. ಆದರೆ ಅದೇ ತೇವ ಕಿಟ್ ಅನ್ನು ತಿನ್ನುತ್ತದೆ. ವೈಸ್‌ನ ಸ್ಕ್ರೂ ಮೇಲೆ ತುಕ್ಕು, ಕಿಟ್‌ನ ಬಟ್ಟೆಚೀಲದಲ್ಲಿಟ್ಟ ಗರಿಗೆ ಬೂಸ್ಟು. ಆ ಚೀಲ ಬಿಸಾಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ವೈಸ್‌ಗೆ ವಾರಕ್ಕೊಮ್ಮೆ ಹೊಲಿಗೆ ಮೆಷಿನ್ ಎಣ್ಣೆಯ ಒಂದು ಹನಿ. ಹೀಗಿಟ್ಟರೆ ಏನೂ ಆಗುವುದಿಲ್ಲ.

ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ, ಅದೂ ಕತ್ತರಿ ಮತ್ತು ಸಣ್ಣ ಸಲಕರಣೆಗಳಿಗೆ. ಇವತ್ತು ಹೊಸದಾಗಿ ಶುರು ಮಾಡುವವರು ಕೇಳಿದರೆ, ಒಂದು ಗಟ್ಟಿ ವೈಸ್, ಸೆರಾಮಿಕ್ ಬಾಬಿನ್, 140ರ ಬಿಳಿ ನೂಲು, ಒಂದು ಡಬ್ಬ ಸ್ಟೇನ್‌ಲೆಸ್ ಹುಕ್ ಬಿಡಿಬಿಡಿಯಾಗಿ ತನ್ನಿ ಅನ್ನುತ್ತೇನೆ. ಕಿಟ್‌ಗಿಂತ ಸ್ವಲ್ಪ ಜಾಸ್ತಿ ಆಗಬಹುದು. ಒಂದೇ ನಮೂನೆಯನ್ನು ಹಿಂದಿನದ್ದೂ ಇಂದಿನದ್ದೂ ಅವಳಿಜವಳಿ ಥರ ಕಾಣುವ ತನಕ ಕಟ್ಟಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಮತ್ತೆ ಹುಕ್‌ನ ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡುವುದಿದ್ದರೆ ನೂಲು ಸುತ್ತುವ ಮೊದಲೇ ಮಾಡಿ. ಮೊನೆ ಮುರಿದರೂ ಹೋಗುವುದು ಬರೀ ಹುಕ್, ಕಟ್ಟಿದ ಫ್ಲೈ ಅಲ್ಲ.