ಹಳೇ ಫೋನ್ ರೂಟ್ ಮಾಡಿಸಿ ಕಂಪನಿ ಆ್ಯಪ್ ತೆಗೆಸುವ ಮೊದಲು ಇದನ್ನು ಓದಿ

ಮೊಬೈಲ್ ಅಂಗಡಿಯಲ್ಲಿ ಯಾರಾದರೂ "ರೂಟ್ ಮಾಡಿಬಿಡ್ತೀನಿ, ಬೇಡದ ಆ್ಯಪ್ ಎಲ್ಲ ಹೋಗುತ್ತೆ, ಫೋನ್ ಹೊಸದರ ಥರ ಓಡುತ್ತೆ" ಅಂದರೆ ಫೋನ್ ವಾಪಸ್ ತಗೊಂಡು ಮನೆಗೆ ಬನ್ನಿ. ಇಷ್ಟೇ ಹೇಳಿದರೆ ಯಾರೂ ಕೇಳುವುದಿಲ್ಲ ಅಂತ ಗೊತ್ತು. ಅದಕ್ಕೇ ನಮ್ಮ ಮಾವನ ಫೋನಿಗೆ ಏನಾಯಿತು ಅಂತ ಪೂರ್ತಿ ಬರೆಯುತ್ತಿದ್ದೇನೆ. ರೂಟ್ ಅಂದರೆ ಕಂಪನಿ ಹಾಕಿದ ತಡೆ ದಾಟಿ ಫೋನಿನ ಪೂರ್ತಿ ಅಧಿಕಾರ ಪಡೆಯುವುದು.

ಮಾವ ಅಂದರೆ ಅಮ್ಮನ ತಮ್ಮ, ಇರುವುದು ಹಾಸನದ ಕಡೆ. ಫೋನು 2016ರದ್ದು, ಮೀಡಿಯಾಟೆಕ್ ಚಿಪ್, ಆಂಡ್ರಾಯ್ಡ್ 6, 16 ಜಿಬಿ ಸ್ಟೋರೇಜ್. ಕಂಪನಿ ಹೆಸರು ಬೇಡ ಬಿಡಿ, ಆಗ ಆ ಬೆಲೆಗೆ ಬರುತ್ತಿದ್ದ ಬಹಳಷ್ಟು ಫೋನುಗಳ ಹಣೆಬರಹ ಒಂದೇ. ಡಬ್ಬಿ ತೆಗೆಯುವಾಗಲೇ ಒಳಗೆ ಎರಡು ಬ್ರೌಸರ್, ಪ್ಲೇ ಸ್ಟೋರ್ ಬಿಟ್ಟು ಇನ್ನೊಂದು ಆ್ಯಪ್ ಸ್ಟೋರ್, ಥೀಮ್‌ಗೊಂದು ಆ್ಯಪ್, ಶಾಪಿಂಗ್ ಆ್ಯಪ್, ದಿನಾ ಬೆಳಗ್ಗೆ ಎಬ್ಬಿಸಿ ಜ್ಯೋತಿಷ್ಯ ಹೇಳುವ ನ್ಯೂಸ್ ಆ್ಯಪ್. ಯಾವುದಕ್ಕೂ ಅನ್‌ಇನ್‌ಸ್ಟಾಲ್ ಬಟನ್ ಇಲ್ಲ. ದುಡ್ಡು ಕೊಟ್ಟು ತಗೊಂಡ ಫೋನಿನಲ್ಲಿ ನಮಗೆ ಬೇಡದ್ದನ್ನು ತೆಗೆಯೋಕೂ ಆಗಲ್ಲ ಅಂದರೆ ಸಿಟ್ಟು ಬರುತ್ತೆ ಅಲ್ವಾ, ಮಾವನಿಗೂ ಬಂತು. ಮೇಲೆ ದಿನಾ "ಸ್ಟೋರೇಜ್ ಫುಲ್" ಅನ್ನುವ ಕಾಟ ಬೇರೆ. ಪೇಟೆಯ ಅಂಗಡಿಗೆ ಹೋದರು. ಅಲ್ಲಿನ ಹುಡುಗ, "ಅಂಕಲ್, ಐನೂರು ಕೊಡಿ, ಎಲ್ಲ ಕ್ಲೀನ್ ಮಾಡ್ತೀನಿ" ಅಂದ.

ಅವನು ಮಾಡಿದ್ದು ಒನ್ ಕ್ಲಿಕ್ ರೂಟ್. ಯಾವುದೋ ಕಡೆಯಿಂದ ಇಳಿಸಿಕೊಂಡ ಆ್ಯಪ್ ಹಾಕಿ, "ಅನ್‌ನೋನ್ ಸೋರ್ಸಸ್" ಆನ್ ಮಾಡಿ, ಪ್ಲೇ ಸ್ಟೋರಿನ ಎಚ್ಚರಿಕೆ ಆಫ್ ಮಾಡಿ, ಒಂದು ಬಟನ್ ಒತ್ತಿದ. ಐದೇ ನಿಮಿಷ. ಮಾವನಿಗೆ ಹುಡುಗ ಭಾರೀ ಬುದ್ಧಿವಂತ ಅನ್ನಿಸಿತು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಬಟನ್ ಒತ್ತಿದಾಗ ಏನಾಗುತ್ತೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಮಾಮೂಲಿಯಾಗಿ ಫೋನಿನ ಪೂರ್ತಿ ಅಧಿಕಾರ ಯಾವ ಆ್ಯಪ್‌ಗೂ ಇರುವುದಿಲ್ಲ, ಒಂದು ಆ್ಯಪ್ ಇನ್ನೊಂದರ ಡೇಟಾ ಮುಟ್ಟುವ ಹಾಗಿಲ್ಲ. ಒನ್ ಕ್ಲಿಕ್ ಆ್ಯಪ್‌ಗಳು ಈ ಗೋಡೆ ದಾಟುವುದು ಸಿಸ್ಟಮ್‌ನಲ್ಲಿ ಮುಚ್ಚದೇ ಉಳಿದ ಭದ್ರತಾ ಲೋಪದ ಮೂಲಕ. 2016ರಲ್ಲಿ ಬಯಲಾದ ಡರ್ಟಿ ಕೌ ಅಂಥದ್ದೇ ಒಂದು, ಅದು ಆಂಡ್ರಾಯ್ಡ್‌ನ ಬುಡದಲ್ಲಿರುವ ಲಿನಕ್ಸ್ ಕರ್ನಲ್‌ನಲ್ಲೇ ವರ್ಷಗಟ್ಟಲೆ ಇದ್ದ ಲೋಪ. ಕಳ್ಳ ಆ್ಯಪ್‌ಗಳು ನುಗ್ಗುವುದೂ ಇಂಥ ಲೋಪಗಳಿಂದಲೇ. ಅಂದರೆ ಹಳೇ ಫೋನ್ ಐದು ನಿಮಿಷದಲ್ಲಿ ಸಲೀಸಾಗಿ ರೂಟ್ ಆಯಿತು ಅಂದರೆ ಖುಷಿ ಪಡಬೇಡಿ, ಅದು ಅಷ್ಟು ಸಡಿಲವಾಗಿದೆ ಅಂತ ಅರ್ಥ. ಇನ್ನು ಆಮೇಲೆ ಯಾವ ಆ್ಯಪ್‌ಗೆ ರೂಟ್ ಅನುಮತಿ ಕೊಡಬೇಕು ಅಂತ ತೀರ್ಮಾನಿಸುವ ಮ್ಯಾನೇಜರ್ ಆ್ಯಪ್ ಕೂಡ ಆ ಒನ್ ಕ್ಲಿಕ್‌ನವರದ್ದೇ. ಅದನ್ನು ಬರೆದವರು ಯಾರು, ಒಳಗೆ ಏನಿದೆ, ನೋಡಲು ಯಾರಿಗೂ ಕೋಡ್ ಕೊಟ್ಟಿರುವುದಿಲ್ಲ.

ಹುಡುಗ ಆಮೇಲೆ ಕಂಪನಿ ಆ್ಯಪ್‌ಗಳನ್ನೆಲ್ಲ ಅಳಿಸಿದ. ಮಾವ ಮನೆಗೆ ಬಂದು ನೋಡಿದರೆ ಸ್ಟೋರೇಜ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ!

ಇದು ಯಾರೂ ಹೇಳದ ವಿಷಯ, ಸರಿಯಾಗಿ ಕೇಳಿಸಿಕೊಳ್ಳಿ. ಕಂಪನಿ ಹಾಕಿ ಕಳಿಸಿದ ಆ್ಯಪ್‌ಗಳು ಇರುವುದು ಸಿಸ್ಟಮ್ ಪಾರ್ಟಿಷನ್‌ನಲ್ಲಿ, ಅಂದರೆ ಸ್ಟೋರೇಜಿನಲ್ಲಿ ಸಿಸ್ಟಮ್‌ಗೆ ಅಂತ ಬೇರೆ ಮಾಡಿಟ್ಟ ಭಾಗದಲ್ಲಿ. ನಿಮ್ಮ ಫೋಟೋ, ವಾಟ್ಸ್ಆ್ಯಪ್, ನೀವು ಹಾಕಿಕೊಂಡ ಆ್ಯಪ್‌ಗಳು ಇರುವುದು ಡೇಟಾ ಪಾರ್ಟಿಷನ್‌ನಲ್ಲಿ. ಇವೆರಡರ ಅಳತೆ ಮೊದಲೇ ಗೊತ್ತುಮಾಡಿ ಇಟ್ಟಿದ್ದು. ಬಾಡಿಗೆ ಮನೆಯಲ್ಲಿ ಓನರ್ ಬೀಗ ಹಾಕಿಕೊಂಡ ಒಂದು ರೂಮ್ ಇರುತ್ತಲ್ಲ, ಬೀಗ ಒಡೆದು ಅವರ ಸಾಮಾನು ಹೊರಗೆ ಹಾಕಿದರೂ ನಿಮ್ಮ ಸಾಮಾನು ಅಲ್ಲಿ ಇಡುವ ಹಾಗಿಲ್ಲ. ಸಿಸ್ಟಮ್ ಪಾರ್ಟಿಷನ್‌ನಲ್ಲಿ ಒಂದು ಜಿಬಿ ಖಾಲಿ ಮಾಡಿದರೂ ಅಲ್ಲಿ ನಿಮ್ಮ ಒಂದು ಫೋಟೋ ಕೂರುವುದಿಲ್ಲ. ನಿಮ್ಮ ಜಾಗ ತಿನ್ನುವುದು ಆ ಆ್ಯಪ್‌ಗಳ ಅಪ್‌ಡೇಟ್ ಮತ್ತು ಅವು ಕೂಡಿಟ್ಟ ಡೇಟಾ ಅಷ್ಟೇ. ಅದನ್ನು ವಾಪಸ್ ಪಡೆಯಲು ರೂಟ್ ಯಾಕೆ? ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಒತ್ತಿ, ಡಿಸೇಬಲ್ ಮಾಡಿದರೆ ಅಷ್ಟೇ ಜಾಗ ಸಿಗುತ್ತದೆ. ಐನೂರು ರೂಪಾಯಿಯೂ ಉಳಿಯುತ್ತದೆ.

ಮುಂದಿನದ್ದು ಬೇಗ ಹೇಳಿಬಿಡುತ್ತೇನೆ. ಬ್ಯಾಂಕ್ ಆ್ಯಪ್ ತೆರೆದರೆ "ಈ ಫೋನ್ ರೂಟ್ ಆಗಿದೆ" ಅಂತ ತೋರಿಸಿ ಮುಚ್ಚಿಕೊಂಡಿತು. ಅದು ಸಹಜ. ಫೋನಿನ ಸಿಸ್ಟಮ್ ಯಾರಾದರೂ ಮುಟ್ಟಿದ್ದಾರಾ ಅಂತ ಬ್ಯಾಂಕ್ ಆ್ಯಪ್‌ಗಳು ನೋಡುತ್ತವೆ. ಮೊದಲು ಗೂಗಲ್‌ನ ಸೇಫ್ಟಿನೆಟ್ ಅನ್ನುವ ತಪಾಸಣೆ ಇತ್ತು, ಈಗ ಪ್ಲೇ ಇಂಟೆಗ್ರಿಟಿ ಅಂತ ಇದೆ. ಕೆಲವರು ಇದನ್ನು ಮುಚ್ಚಿಡುವ ಕಸರತ್ತು ಮಾಡುತ್ತಾರೆ, ಇವತ್ತು ನಡೆದದ್ದು ನಾಳೆ ನಡೆಯುವುದಿಲ್ಲ. ಹಾಲಿನ ಡೈರಿ ದುಡ್ಡು ಬಂತಾ ಅಂತ ನೋಡಲು ಮಾವ ಆ ಕಸರತ್ತು ಮಾಡೋಕಾಗುತ್ತಾ? ಅದರ ಜೊತೆಗೆ ಲಾಕ್ ಸ್ಕ್ರೀನ್ ಮೇಲೆ ಜಾಹೀರಾತು ಶುರುವಾದವು. ಯಾರೂ ಹಾಕದ ಒಂದು ಗೇಮ್ ತಾನೇ ಬಂದು ಕೂತಿತು. ಬೇಡದ ಆ್ಯಪ್ ತೆಗೆಸಲು ಹೋಗಿ ಬೇಡದ ಆ್ಯಪ್‌ಗಳೇ ಜಾಸ್ತಿ ಆದವು.

ಮಾವ ಮತ್ತೆ ಅದೇ ಅಂಗಡಿಗೆ ಹೋದರು. ಈ ಸಲ ಹುಡುಗ "ಸಾಫ್ಟ್‌ವೇರ್ ಹೊಡೀತೀನಿ" ಅಂದ. ಅನರ್ಥ ಆಗಿದ್ದು ಇಲ್ಲೇ. ಮೀಡಿಯಾಟೆಕ್ ಫೋನಿಗೆ ಫ್ಲಾಶ್ ಮಾಡುವ, ಅಂದರೆ ಸಾಫ್ಟ್‌ವೇರ್ ಹೊಸದಾಗಿ ಹಾಕುವ ಟೂಲಿನಲ್ಲಿ "ಡೌನ್‌ಲೋಡ್ ಓನ್ಲಿ" ಅಂತ ಒಂದು ಆಯ್ಕೆ ಇದೆ, "ಫಾರ್ಮ್ಯಾಟ್ ಆಲ್ ಪ್ಲಸ್ ಡೌನ್‌ಲೋಡ್" ಅಂತ ಇನ್ನೊಂದಿದೆ. ಎರಡನೆಯದನ್ನು ಒತ್ತಿದರೆ ಎನ್‌ವಿರಾಮ್ ಅನ್ನುವ ಭಾಗವೂ ಅಳಿಸಿಹೋಗುತ್ತದೆ. ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್, ನೆಟ್‌ವರ್ಕ್‌ಗೆ ಬೇಕಾದ ಅಳತೆಗಳು ಎಲ್ಲ ಇರುವುದು ಅಲ್ಲೇ. ಬ್ಯಾಕಪ್ ತೆಗೆಯದೆ ಒತ್ತಿದರೆ ಮುಗಿಯಿತು. ಹುಡುಗ ಒತ್ತಿದ. ಮೊಮ್ಮಗಳ ನಾಮಕರಣದ ಫೋಟೋಗಳು ಹೋದವು, ಜೊತೆಗೆ ಸಿಗ್ನಲ್ಲೂ ಹೋಯಿತು. ಸಂಜೆ ಹೊತ್ತಿಗೆ ಅದು ಹೇಗೋ ಸಿಗ್ನಲ್ ಬರಿಸಿ ಕೊಟ್ಟ, ಮಾವ ನೆಮ್ಮದಿಯಾಗಿ ಮನೆಗೆ ಬಂದರು.

ಹಬ್ಬಕ್ಕೆ ಹೋದಾಗ ಮಾವ ಫೋನ್ ನನ್ನ ಕೈಗೆ ಕೊಟ್ಟು, "ಈಗ ಚೆನ್ನಾಗಿದೆ, ಬ್ಯಾಂಕಿಂದು ಒಂದು ಹಾಕಿಕೊಡು" ಅಂದರು. ನಾನು ಸುಮ್ನೆ ಐಎಂಇಐ ತೋರಿಸುವ *#06# ಒತ್ತಿ ನೋಡಿದೆ. ಅಟ್ಟದ ಮೇಲಿದ್ದ ಡಬ್ಬಿ ಇಳಿಸಿ ಹೋಲಿಸಿದರೆ ನಂಬರೇ ಬೇರೆ. ಆ ಹುಡುಗ ಯಾವುದೋ ಇನ್ನೊಂದು ಫೋನಿನ ಐಎಂಇಐ ಬರೆದು ಕೊಟ್ಟಿದ್ದ!

"ಸಿಗ್ನಲ್ ಬರ್ತಿದೆಯಲ್ಲ, ಅದರಲ್ಲೇನಿದೆ?" ಅಂದರು ಮಾವ. ಅದರಲ್ಲಿ ಬಹಳ ಇದೆ. ಐಎಂಇಐ ಬದಲಿಸುವುದನ್ನು ತಡೆಯಲು 2017ರಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿತ್ತು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇಂಥದ್ದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಬರೆದದ್ದು ಅಂಗಡಿಯವನು, ಆದರೆ ಫೋನ್ ಇರುವುದು ಮಾವನ ಜೇಬಿನಲ್ಲಿ. ಆ ನಂಬರ್ ಯಾರದ್ದೋ ಕಳುವಾದ ಫೋನಿನದ್ದು ಆಗಿದ್ದರೆ? ಕಳುವಾದ ಫೋನ್ ಬ್ಲಾಕ್ ಮಾಡುವ ಸಿಇಐಆರ್ ವ್ಯವಸ್ಥೆ 2023ರಿಂದ ದೇಶದ ತುಂಬ ಇದೆ. ಒರಿಜಿನಲ್ ಮಾಲೀಕರು ದೂರು ಕೊಟ್ಟ ದಿನ ಈ ಫೋನೂ ಬ್ಲಾಕ್ ಆಗಬಹುದು, ಪೊಲೀಸರು ಹುಡುಕಿಕೊಂಡು ಬರುವುದೂ ಇದೇ ನಂಬರ್ ಹಿಡಿದು. ಮಾವ ಹೆದರಿಬಿಟ್ಟರು. ಮಾರನೇ ದಿನ ಡಬ್ಬಿ, ಬಿಲ್ಲು ಹಿಡಿದು ಅಂಗಡಿಗೆ ಹೋದರೆ ಹುಡುಗನ ಮಾತು, "ಎಲ್ಲರಿಗೂ ಹೀಗೇ ಮಾಡ್ತೀವಿ ಅಣ್ಣ, ಏನೂ ಆಗಲ್ಲ". ನನಗೆ ಹೆದರಿಕೆ ಆಗಿದ್ದು ಆ "ಎಲ್ಲರಿಗೂ" ಕೇಳಿಯೇ. ಕೊನೆಗೆ ಸಿಮ್ ತೆಗೆದು ಆ ಫೋನ್ ಬಳಸುವುದನ್ನೇ ನಿಲ್ಲಿಸಿದೆವು.

ಹಾಗಾಗಿ ರಿಪೇರಿಗೆ ಕೊಡುವ ಮೊದಲು *#06# ಒತ್ತಿ ನಂಬರ್ ಬರೆದಿಟ್ಟುಕೊಳ್ಳಿ, ವಾಪಸ್ ತಗೊಳ್ಳುವಾಗ ಅಂಗಡಿಯಲ್ಲೇ ನಿಂತು ಮತ್ತೆ ಒತ್ತಿ ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಂಗ್ಲಿಷ್‌ನಲ್ಲಿ ಕೆ, ವೈ, ಎಂ ಅಕ್ಷರ ಬರೆದು, ಒಂದು ಜಾಗ ಬಿಟ್ಟು, 15 ಅಂಕಿಯ ಐಎಂಇಐ ಸೇರಿಸಿ 14422ಕ್ಕೆ ಮೆಸೇಜ್ ಕಳಿಸಿದರೆ ಅದು ಯಾವ ಫೋನಿನ ನಂಬರ್ ಅಂತ ಉತ್ತರ ಬರುತ್ತದೆ.

ರೂಟ್ ಅಂದರೇ ಪಾಪ ಅಂತ ಹೇಳುತ್ತಿಲ್ಲ. ಮ್ಯಾಜಿಸ್ಕ್ ಅನ್ನುವ ರೂಟ್ ಟೂಲ್ ಬಳಸುವವರು, ಲಿನಿಯೇಜ್ ಓಎಸ್ ಅನ್ನುವ ಬೇರೆ ಆಂಡ್ರಾಯ್ಡ್ ಹಾಕಿ ಹಳೇ ಫೋನಿಗೆ ಜೀವ ಕೊಡುವವರು ಇದ್ದಾರೆ, ಏನು ಮಾಡುತ್ತಿದ್ದೇವೆ ಅಂತ ಅವರಿಗೆ ಗೊತ್ತಿರುತ್ತದೆ. ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಸಿಸ್ಟಮ್ ಶುರುಮಾಡುವ ಭಾಗ) ಅನ್‌ಲಾಕ್ ಮಾಡಿದರೆ ಡೇಟಾ ಅಳಿಸಿಹೋಗುತ್ತದೆ, ಸ್ಯಾಮ್ಸಂಗ್ ಆದರೆ ಭದ್ರತೆಗೆ ಇಟ್ಟ ನಾಕ್ಸ್ ಅನ್ನುವ ಫ್ಯೂಸ್ ಒಮ್ಮೆ ಹೋದರೆ ಮತ್ತೆ ಸರಿಯಾಗುವುದಿಲ್ಲ, ಸೆಕ್ಯೂರ್ ಫೋಲ್ಡರ್ ಶಾಶ್ವತವಾಗಿ ಬಂದ್, ಇದೆಲ್ಲ ಗೊತ್ತಿದ್ದೇ ಅವರು ಇಳಿಯುವುದು. ಬರೀ ನಾಲ್ಕು ಬೇಡದ ಆ್ಯಪ್ ಕಾಣಬಾರದು ಅನ್ನುವವರಿಗೆ ಅದು ಯಾವುದೂ ಬೇಡ.

ಡಿಸೇಬಲ್ ಬಟನ್ನೂ ಕೊಡದ ಆ್ಯಪ್ ಇದ್ದರೆ ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಅನ್ನುವ ಟೂಲ್ ಬಳಸಿ. ಸೆಟ್ಟಿಂಗ್ಸ್‌ನಲ್ಲಿರುವ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆಯಿರಿ, ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕಂಪ್ಯೂಟರಿಗೆ ಜೋಡಿಸಿ "ಪಿಎಂ ಅನ್‌ಇನ್‌ಸ್ಟಾಲ್" ಆಜ್ಞೆಯನ್ನು "ಯೂಸರ್ 0" ಸೇರಿಸಿ ಕೊಡಿ. ಆ್ಯಪ್ ನಿಮಗೆ ಕಾಣುವುದಿಲ್ಲ, ಓಡುವುದೂ ಇಲ್ಲ, ಆದರೆ ಅದರ ಮೂಲ ಫೈಲ್ ಸಿಸ್ಟಮ್‌ನಲ್ಲೇ ಇರುತ್ತದೆ. ಎಡವಟ್ಟಾದರೆ ಫ್ಯಾಕ್ಟರಿ ರಿಸೆಟ್ ಮಾಡಿದಾಗ ವಾಪಸ್ ಬರುತ್ತದೆ. ಬ್ಯಾಂಕ್ ಆ್ಯಪ್‌ಗೂ ತಕರಾರಿಲ್ಲ, ಕೆಲಸ ಮುಗಿದ ಮೇಲೆ ಡೀಬಗಿಂಗ್ ಮಾತ್ರ ಆಫ್ ಮಾಡಿ. ಹಾಗಂತ ಹೆಸರು ಗೊತ್ತಿಲ್ಲದ ಆ್ಯಪ್‌ಗಳನ್ನೆಲ್ಲ ಒಟ್ಟಿಗೆ ತೆಗೆಯಬೇಡಿ, ಕೆಲವನ್ನು ತೆಗೆದರೆ ಫೋನ್ ಆನ್ ಆಗದೆ ಲೋಗೋದಲ್ಲೇ ಸುತ್ತುತ್ತಿರುತ್ತದೆ.

ಈಗಾಗಲೇ ಒನ್ ಕ್ಲಿಕ್ ಮಾಡಿಸಿಕೊಂಡವರಿದ್ದರೆ ಫ್ಯಾಕ್ಟರಿ ರಿಸೆಟ್ ಸಾಕಾಗುವುದಿಲ್ಲ. ಅದು ಡೇಟಾ ಭಾಗವನ್ನು ಮಾತ್ರ ಅಳಿಸುತ್ತದೆ, ರೂಟ್ ಫೈಲ್‌ಗಳು ಸಿಸ್ಟಮ್‌ನಲ್ಲಿ ಹಾಗೇ ಉಳಿಯುತ್ತವೆ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ ಒರಿಜಿನಲ್ ಸಾಫ್ಟ್‌ವೇರ್ ಹಾಕಿಸಿ. ಅದಕ್ಕೂ ಮೊದಲು ಬೇರೆ ಫೋನಿನಿಂದ ಜಿಮೇಲ್ ಪಾಸ್‌ವರ್ಡ್, ಯುಪಿಐ ಪಿನ್ ಎರಡನ್ನೂ ಬದಲಿಸಿ.