ಬಿದಿರಿಗಿಂತ ಬಯೋ-ಅಸಿಟೇಟ್ ಕೂಲಿಂಗ್ ಗ್ಲಾಸೇ ಮೇಲು

ಪರಿಸರಕ್ಕೆ ಹೊರೆಯಾಗದ ಕೂಲಿಂಗ್ ಗ್ಲಾಸ್ ಹುಡುಕುತ್ತಿದ್ದರೆ ಹತ್ತಿ, ಮರದ ತಿರುಳಿನಿಂದ ಮಾಡುವ ಬಯೋ-ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫ್ರೇಮೇ ತಗೊಳ್ಳಿ. ಬಿದಿರಿನದು, ಹರಳೆಣ್ಣೆಯಿಂದ ಮಾಡುವ ನೈಲಾನಿನದು, ಇದು, ಮೂರನ್ನೂ ಕಲಬುರಗಿಯ ಬಿಸಿಲಲ್ಲಿ ಸ್ಕೂಟರ್ ಓಡಿಸುತ್ತ ಹಾಕಿ ನೋಡಿದ್ದೇನೆ.

ಬಿದಿರಿನದು ನೋಡಲು ಬಲು ಚೆಂದ, ಬೆಲೆಯೂ ಕಡಿಮೆ. ತೊಂದರೆ ಇರುವುದು ಕಿವಿಯ ಹತ್ತಿರ. ಮಾಮೂಲಿ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಕೆಳಕ್ಕೆ ಬಾಗಿರುತ್ತದೆ. ಕನ್ನಡಕ ನಿಲ್ಲುವುದೇ ಆ ಬಾಗಿನಿಂದ. ನನ್ನ ಬಿದಿರಿನ ಕಡ್ಡಿ ನೆಟ್ಟಗೆ, ದಪ್ಪಗೆ ಇತ್ತು. ಬೆವರಿದರೆ ಮೂಗಿನಿಂದ ಜಾರುತ್ತಿತ್ತು. ಹೆಲ್ಮೆಟ್ ಹಾಕಿದರೆ ಇನ್ನೊಂದು ಕಷ್ಟ: ಒಳಗಿನ ಸ್ಪಂಜು ಆ ದಪ್ಪ ಕಡ್ಡಿಯನ್ನು ಕಿವಿಯ ಮೇಲಿನ ಎಲುಬಿಗೆ ಒತ್ತಿ ಹಿಡಿಯುತ್ತಿತ್ತು. ರಿಂಗ್ ರೋಡ್ ದಾಟುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು.

ಸ್ವಲ್ಪ ಬಗ್ಗಿಸಿಕೊಡಿ ಎಂದು ಕನ್ನಡಕದ ಅಂಗಡಿಗೆ ಒಯ್ದೆ. ಅಂಗಡಿಯವರು ಕೈಯಲ್ಲಿ ಹಿಡಿದು ನೋಡಿ, "ಇದು ಬಗ್ಗಂಗಿಲ್ರೀ ಸರ್, ಜೋರ್ ಮಾಡಿದ್ರ ಸೀಳ್ತದ" ಎಂದರು. ಅಂಗಡಿಯ ಬಿಸಿಗಾಳಿಗೆ ಪ್ಲಾಸ್ಟಿಕ್ ಮೆದುವಾಗುತ್ತದೆ, ಬಿದಿರು ಆಗುವುದಿಲ್ಲ. ಅಂದರೆ ಅದು ಹುಟ್ಟಿದ ಆಕಾರಕ್ಕೆ ನಮ್ಮ ತಲೆಯೇ ಹೊಂದಿಕೊಳ್ಳಬೇಕು. ಇನ್ನೊಂದು ಮಾತು: ಬಿದಿರಿನದು ಎಂದು ಮಾರುವ ಎಷ್ಟೋ ಕನ್ನಡಕಗಳಲ್ಲಿ ಬಿದಿರು ಇರುವುದು ಕಡ್ಡಿಗಳಲ್ಲಿ ಮಾತ್ರ, ಮುಂಭಾಗ ಸಾದಾ ಪ್ಲಾಸ್ಟಿಕ್ಕೇ. ಕೊಳ್ಳುವ ಮೊದಲು ಕೇಳಿ.

ಹರಳೆಣ್ಣೆಯ ನೈಲಾನ್ ಮೂರರಲ್ಲೂ ಹಗುರ, ಹಾಕಿದ್ದೇ ಗೊತ್ತಾಗುವುದಿಲ್ಲ. ಜಗತ್ತಿನ ಹರಳಿನಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಭಾರತದಲ್ಲೇ, ಅದರಲ್ಲೂ ಗುಜರಾತಿನಲ್ಲಿ ಎಂಬುದೂ ನನಗೆ ಖುಷಿಯ ವಿಷಯ. ಆದರೆ ಅಂಗಡಿಯಲ್ಲಿ ಅಸಿಟೇಟಿನಷ್ಟು ಸಲೀಸಾಗಿ ಬಗ್ಗಲಿಲ್ಲ. ಓಡುವವರಿಗೆ, ಸೈಕಲ್ ತುಳಿಯುವವರಿಗೆ ಚೆನ್ನ.

ಅಸಿಟೇಟ್ ಮೂಲತಃ ಹತ್ತಿ, ಮರದ ತಿರುಳಿನ ಸೆಲ್ಯುಲೋಸಿನಿಂದಲೇ ಆಗುವಂಥದ್ದು. ಅದನ್ನು ಮೆದುಗೊಳಿಸಲು ಸಾಮಾನ್ಯವಾಗಿ ಥ್ಯಾಲೇಟ್ ಎಂಬ ಪೆಟ್ರೋಲಿಯಂ ಮೂಲದ ರಾಸಾಯನಿಕ ಬೆರೆಸುತ್ತಾರೆ. ಬಯೋ-ಅಸಿಟೇಟಿನಲ್ಲಿ ಅದರ ಬದಲು ಸಸ್ಯಮೂಲದ ವಸ್ತು ಇರುತ್ತದೆ. ಇಟಲಿಯ ಮಾಝುಕೆಲ್ಲಿ ಕಂಪನಿಯ ಎಂ49 ಇದರಲ್ಲಿ ಹೆಸರುವಾಸಿ. ಅದೇ ಅಂಗಡಿಯವರು ಬಿಸಿಗಾಳಿಗೆ ಹಿಡಿದು, ನನ್ನ ಎರಡೂ ಕಿವಿಗೆ ಬೇರೆ ಬೇರೆಯಾಗಿ ಬಾಗಿಸಿ ಕೊಟ್ಟರು. ಈಗ ಹೆಲ್ಮೆಟ್ ಒಳಗೂ ಒತ್ತುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ, ಆಕಾರ ಕೆಡುತ್ತದೆ.

ಗ್ಲಾಸಿನ ಮಟ್ಟಿಗೆ ನನ್ನ ಮೂರೂ ಒಂದೇ: ಪಾಲಿಕಾರ್ಬೊನೇಟ್ ಎಂಬ ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್. ಯುವಿ400, ಅಂದರೆ ಬಿಸಿಲಿನ ಅತಿನೇರಳೆ (ಯುವಿ) ಕಿರಣ ತಡೆಯುವ ಗುಣ, ಇದೆಯೇ ಎಂದು ಅಂಗಡಿಯ ಮೀಟರಿನಲ್ಲಿ ನೋಡಿಸಿಕೊಳ್ಳಿ. ಬರೀ ಕಪ್ಪಗಿದ್ದು ಯುವಿ ತಡೆಯದ ಗ್ಲಾಸಿನ ಹಿಂದೆ ಪಾಪೆ ಅಗಲವಾಗಿ ಕಣ್ಣಿಗೆ ಇನ್ನೂ ಹಾನಿ.

ಬಯೋ-ಅಸಿಟೇಟಿಗೆ ಬಿದಿರಿನ ಮೂರು ಪಟ್ಟಿಗಿಂತ ಹೆಚ್ಚು ಕೊಟ್ಟಿದ್ದೇನೆ, ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೆ ದಿನಾ ಎರಡು ಹೊತ್ತು ಬಿಸಿಲಲ್ಲಿ ಗಾಡಿ ಓಡಿಸುವವನು ನಾನು. ಗ್ಲಾಸಿಗೆ ಗೀರು ಬಿದ್ದೇ ಬೀಳುತ್ತದೆ. ಆಗ ಫ್ರೇಮ್ ಉಳಿಸಿಕೊಂಡು ಗ್ಲಾಸ್ ಮಾತ್ರ ಬದಲಿಸಬಹುದು, ನಂಬರ್ ಬಂದರೆ ನಂಬರಿನದೇ ಕೂರಿಸಿಕೊಳ್ಳಬಹುದು.