ಬೇವಿನ ನೆರಳಿಗೆ ಸ್ನೇಕ್ ಪ್ಲಾಂಟಾ, ವೀಳ್ಯದೆಲೆಯಾ?

ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಹಾಗಾಗಿ ಹಿತ್ತಲಿನ ಬೇವಿನ ನೆರಳು ಗಿಡಗಳಿಗೆ ವರವೇ. ಆದರೆ ಮರದ ಬೇರು ನೀರನ್ನೆಲ್ಲ ಹೀರುತ್ತದೆ, ಅಲ್ವಾ? ಅಲ್ಲಿಗೆ ನನ್ನ ಆಯ್ಕೆ ಸ್ನೇಕ್ ಪ್ಲಾಂಟ್. ವಾರಗಟ್ಟಲೆ ನೀರು ಹಾಕದಿದ್ದರೂ ಬದುಕುತ್ತದೆ, ಬುಡದಲ್ಲಿ ಮರಿ ಒಡೆದು ವರ್ಷ ವರ್ಷವೂ ಹರಡುತ್ತದೆ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಳ್ಳುವುದರಿಂದ ಬೇರು ಕೊಳೆಯುವ ಭಯ ಇದ್ದೇ ಇದೆ, ಅದಕ್ಕೆ ಮರಳು, ಕಾಂಪೋಸ್ಟ್ ಬೆರೆಸಿ ಏರುಮಡಿಯಲ್ಲೇ ನೆಡಿ.

ವೀಳ್ಯದೆಲೆ ಬಳ್ಳಿಗೆ ನೆರಳು ಇಷ್ಟ, ಒಣಗಾಳಿ ಕಷ್ಟ. ನೀರಿನ ತೊಟ್ಟಿ ಪಕ್ಕ ಜಾಗ ಇದ್ದು, ಬೇಸಿಗೆಯಲ್ಲಿ ಮಣ್ಣು ಆರದಂತೆ ನೋಡಿಕೊಳ್ಳಲು ಆಗುವುದಾದರೆ ಖಂಡಿತ ಅದನ್ನೇ ಆರಿಸಿ, ಊಟದ ನಂತರ ತಾಜಾ ಎಲೆ ಸಿಗುತ್ತದೆ. ದೊಡ್ಡಪತ್ರೆ ಬೇಡ, ಪೂರ್ತಿ ನೆರಳಲ್ಲಿ ಸುಮ್ನೆ ಉದ್ದಕ್ಕೆ ಬೆಳೆದು ಜೋತುಬೀಳುತ್ತದೆ.